ವಕೀಲರ ಕಚೇರಿಯಲ್ಲಿ ಹೋಟೆಲಿನವರಿಗೆ ಏನು ಕೆಲಸ?



ಕೋರ್ಟಿನ ಮೆಟ್ಟಿಲು ಹತ್ತಬಾರದು ಎಂಬುದು ನಮ್ಮ ಹಿರಿಯರು ಹೇಳಿಕೊಟ್ಟ ಮಾತು. ಮಾತು ಒಳ್ಳೆಯದೇ. ಆದರೆ ನಮ್ಮಲ್ಲಿ ಬಹಳ ಮಂದಿ ಅದನ್ನು ವಕೀಲರ ಕಚೇರಿಯ ಮೆಟ್ಟಿಲನ್ನೂ ಹತ್ತಬಾರದು ಎಂದು ತಿಳಿದುಕೊಂಡಿದ್ದಾರೆ. ನಿಜ ನೋಡಿದರೆ ಇವೆರಡೂ ಒಂದಕ್ಕೊಂದು ಎದುರು. ಸಕಾಲದಲ್ಲಿ ವಕೀಲರ ಕಚೇರಿಗೆ ಹೋದವನಿಗೆ ಕೋರ್ಟಿನ ಮೆಟ್ಟಿಲು ಹತ್ತುವ ಪ್ರಸಂಗ ಕಡಿಮೆ ಬರುತ್ತದೆ.

ನಾವು ಓದಿದ್ದು ಹತ್ತನೇ ತರಗತಿಯವರೆಗೆ. ಕಾನೂನು ಕಲಿತವರಲ್ಲ. ಆದರೂ ದೆಹಲಿ, ಗುರುಗ್ರಾಮ, ನೋಯ್ಡಾ ಕಡೆ ಹೋಟೆಲು ಮತ್ತು ಕೇಟರಿಂಗ್ ನಡೆಸುವವರಿಗೆ ಕಾನೂನಿನ ಯಾವ ಯಾವ ಸಹಾಯ ಬೇಕಾಗುತ್ತದೆ, ಎಲ್ಲ ಬಗೆಯ ಕೆಲಸ ಮಾಡುವ ಒಂದು ಸಾಮಾನ್ಯ ಲಾ ಫರ್ಮ್‌ನಲ್ಲಿ ಏನೇನು ಸಿಗುತ್ತದೆ ಎಂಬುದನ್ನು ತಿಳಿದವರಿಂದ ಕೇಳಿ, ಓದಿಸಿಕೊಂಡು ಇಲ್ಲಿ ಕ್ರಮವಾಗಿ ಬರೆದಿದ್ದೇವೆ. ಇದು ವಕೀಲರ ಸಲಹೆಗೆ ಬದಲಿಯಲ್ಲ. ಯಾವಾಗ ಅವರ ಬಳಿ ಹೋಗಬೇಕು ಎಂದು ತಿಳಿಸುವ ಪಾಠ ಮಾತ್ರ. ಪಾಠದ ಸಾರವನ್ನು ಮೊದಲೇ ಹೇಳಿಬಿಡುತ್ತೇವೆ: ಸಹಿ ಹಾಕುವ ಮುಂಚೆ ಹೋಗಿ, ಗಡುವು ಮುಗಿಯುವ ಮುಂಚೆ ಹೋಗಿ.

1. ಲಾ ಫರ್ಮ್ ಅಂದರೆ ಏನು?

ಒಬ್ಬರೇ ವಕೀಲರು ಕೂತು ನಡೆಸುವ ಕಚೇರಿಗೆ ದೆಹಲಿಯಲ್ಲಿ ಚೇಂಬರ್ ಎನ್ನುತ್ತಾರೆ. ಹಲವು ವಕೀಲರು ಸೇರಿ, ಕೆಲಸ ಹಂಚಿಕೊಂಡು ನಡೆಸುವುದು ಲಾ ಫರ್ಮ್. ನಮ್ಮ ಅಡುಗೆಮನೆಯಲ್ಲಿ ದೋಸೆ ಕಲ್ಲಿಗೆ ಒಬ್ಬ, ಸಾಂಬಾರಿಗೆ ಒಬ್ಬ, ಸಿಹಿಗೆ ಒಬ್ಬ ಇದ್ದಂತೆ ಅಲ್ಲಿ ಜಾಗದ ಪತ್ರಕ್ಕೆ ಒಬ್ಬರು, ತೆರಿಗೆಗೆ ಒಬ್ಬರು, ಕಾರ್ಮಿಕರ ವಿಷಯಕ್ಕೆ ಒಬ್ಬರು, ಕ್ರಿಮಿನಲ್ ಕೇಸಿಗೆ ಒಬ್ಬರು ಇರುತ್ತಾರೆ.

ಅವರ ಕೆಲಸವನ್ನು ಮೂರು ಭಾಗ ಮಾಡಬಹುದು. ಮೊದಲನೆಯದು ಕಾಗದ ಬರೆಯುವುದು ಮತ್ತು ಪರೀಕ್ಷಿಸುವುದು: ಬಾಡಿಗೆ ಕರಾರು, ಪಾಲುದಾರಿಕೆ ಪತ್ರ, ಕೇಟರಿಂಗ್ ಒಪ್ಪಂದ, ವಿಲ್. ಎರಡನೆಯದು ಕಚೇರಿಗಳ ಕೆಲಸ: ಲೈಸೆನ್ಸು, ನೋಂದಣಿ, ನೋಟಿಸಿಗೆ ಉತ್ತರ. ಮೂರನೆಯದು ವಾದ ಮಾಡುವುದು: ಕೋರ್ಟು, ಟ್ರಿಬ್ಯೂನಲ್, ಗ್ರಾಹಕರ ಆಯೋಗ. ನಾವು ಸಾಮಾನ್ಯವಾಗಿ ಮೂರನೆಯದಕ್ಕೆ ಮಾತ್ರ ಹೋಗುತ್ತೇವೆ. ಮೊದಲನೆಯದಕ್ಕೆ ಹೋದರೆ ಖರ್ಚು ಕಡಿಮೆ, ನಿದ್ದೆಯೂ ಬರುತ್ತದೆ.

ಒಂದು ಮಾತು ನೆನಪಿರಲಿ. ಎನ್.ಸಿ.ಆರ್. ಎಂದರೆ ನಮಗೆ ಒಂದೇ ಮೆಟ್ರೋ, ಒಂದೇ ಮಾರುಕಟ್ಟೆ. ಕಾನೂನಿಗೆ ಮಾತ್ರ ಇದು ಬೇರೆ ಬೇರೆ ರಾಜ್ಯ. ಗುರುಗ್ರಾಮ, ಫರೀದಾಬಾದ್ ಹರಿಯಾಣ. ಅದರ ಹೈಕೋರ್ಟು ಚಂಡೀಗಢದಲ್ಲಿ. ನೋಯ್ಡಾ, ಗಾಜಿಯಾಬಾದ್ ಉತ್ತರ ಪ್ರದೇಶ. ಅದರ ಹೈಕೋರ್ಟು ಅಲಹಾಬಾದಿನಲ್ಲಿ. ಬಾಡಿಗೆ ಕಾನೂನು, ಅಂಗಡಿ ಕಾನೂನು, ಸ್ಟಾಂಪ್ ಶುಲ್ಕ ಮೂರು ಕಡೆಯೂ ಬೇರೆ. ಸಾಕೇತ್ ಕೋರ್ಟಿನಲ್ಲಿ ಚೆನ್ನಾಗಿ ವಾದಿಸುವವರಿಗೆ ನೋಯ್ಡಾದ ಕೇಸು ನಡೆಯುವ ಸೂರಜ್‌ಪುರ ಕೋರ್ಟಿನ ಪರಿಚಯ ಇರಲೇಬೇಕೆಂದಿಲ್ಲ. ಎರಡು ರಾಜ್ಯದಲ್ಲಿ ಬ್ರಾಂಚ್ ಇರುವವರು ಇದನ್ನು ಮೊದಲೇ ಕೇಳಿ ತಿಳಿಯಬೇಕು.

2. ಜಾಗ: ನಮ್ಮ ಜೀವ ಇರುವುದು ಇಲ್ಲಿ

ಹೋಟೆಲಿಗೆ ಗ್ರೈಂಡರ್ ಹೋದರೆ ಇನ್ನೊಂದು ತರಬಹುದು, ಭಟ್ಟರು ಹೋದರೆ ಇನ್ನೊಬ್ಬರನ್ನು ಕರೆಸಬಹುದು. ಜಾಗ ಹೋದರೆ ಗಿರಾಕಿಯೂ ಹೋದ. ಆದ್ದರಿಂದ ಈ ಭಾಗವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇವೆ.

ದೆಹಲಿ ಬಾಡಿಗೆ ನಿಯಂತ್ರಣ ಕಾಯ್ದೆ ಬಂದದ್ದು 1958ರಲ್ಲಿ. ಬಾಡಿಗೆದಾರನನ್ನು ಸುಲಭವಾಗಿ ಬಿಡಿಸಲಾಗದು ಎಂಬ ನಂಬಿಕೆ ಹುಟ್ಟಿದ್ದು ಅದರಿಂದ. ಆದರೆ 1988ರ ತಿದ್ದುಪಡಿಯ ನಂತರ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಜಾಗಕ್ಕೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಇಂದು ಹೊಸದಾಗಿ ಹೋಟೆಲು ತೆರೆಯುವ ನಮ್ಮಲ್ಲಿ ಯಾರ ಬಾಡಿಗೆ 3,500ಕ್ಕಿಂತ ಕಡಿಮೆ ಇದೆ? ಅಂದರೆ ನಮಗೆ ಆ ರಕ್ಷಣೆ ಇಲ್ಲ. ನಮಗೆ ಅನ್ವಯಿಸುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ನಾವೇ ಸಹಿ ಹಾಕಿದ ಕರಾರು.

ಇಲ್ಲೊಂದು ದೊಡ್ಡ ಹಳ್ಳ ಇದೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಸ್ಟಾಂಪ್ ಶುಲ್ಕ ಉಳಿಯುತ್ತದೆ ಎಂದು ಒಂಬತ್ತು ವರ್ಷದ ಕರಾರನ್ನು ಬರೀ ನೋಟರಿ ಮಾಡಿಸಿ ಇಟ್ಟುಕೊಂಡವರು ಇದ್ದಾರೆ. ನೋಂದಣಿ ಇಲ್ಲದಿದ್ದರೆ ಆ ಒಂಬತ್ತು ವರ್ಷವನ್ನು ಕೋರ್ಟು ಲೆಕ್ಕಕ್ಕೆ ಹಿಡಿಯುವುದಿಲ್ಲ. ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಎಂದೇ ನೋಡುತ್ತದೆ. ಅಂಥ ಬಾಡಿಗೆಯನ್ನು ಮಾಲೀಕರು 15 ದಿನದ ನೋಟಿಸು ಕೊಟ್ಟು ಮುಗಿಸಬಹುದು. ಅಡುಗೆಮನೆಯ ಚಿಮಣಿ, ಟೈಲ್ಸ್, ಎ.ಸಿ., ಪೀಠೋಪಕರಣ ಎಂದು ಲಕ್ಷಗಟ್ಟಲೆ ಸುರಿದ ಜಾಗ 15 ದಿನದ ಕಾಗದದ ಮೇಲೆ ನಿಂತಿರುತ್ತದೆ ಎಂದಾಯಿತು.

ಕನಾಟ್ ಪ್ಲೇಸ್, ಕರೋಲ್ ಬಾಗ್ ಮುಂತಾದ ಕಡೆ ತಂದೆಯ ಕಾಲದಿಂದ ಸಣ್ಣ ಬಾಡಿಗೆಯಲ್ಲಿ ಇರುವವರಿಗೆ ಹಳೆಯ ಕಾಯ್ದೆಯ ರಕ್ಷಣೆ ಇದೆ. ಆದರೆ ಅದೂ ಮೊದಲಿನಷ್ಟು ಗಟ್ಟಿಯಲ್ಲ. ಸ್ವಂತ ಉಪಯೋಗಕ್ಕೆ ಬೇಕು ಎಂದು ಮಾಲೀಕರು ವಾಸದ ಮನೆಯನ್ನು ಮಾತ್ರ ಬಿಡಿಸಿಕೊಳ್ಳಬಹುದಿತ್ತು. ಸತ್ಯವತಿ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2008ರ ಏಪ್ರಿಲ್‌ನಲ್ಲಿ ಅಂಗಡಿಗಳಿಗೂ ಅದು ಅನ್ವಯಿಸುತ್ತದೆ ಎಂದು ತೀರ್ಪು ಕೊಟ್ಟಿತು. ಇಂಥ ಕೇಸಿನ ಸಮನ್ಸ್ ಕೈಗೆ ಬಂದ 15 ದಿನದೊಳಗೆ, ನಮಗೆ ವಾದಿಸಲು ಅನುಮತಿ ಕೊಡಿ ಎಂದು ಅರ್ಜಿ ಹಾಕಬೇಕು. ಹಾಕದಿದ್ದರೆ ಮಾಲೀಕರು ಹೇಳಿದ್ದನ್ನೆಲ್ಲ ನಾವು ಒಪ್ಪಿಕೊಂಡಂತೆ. ಜಾಗ ಬಿಡುವ ಆದೇಶ ಬರುತ್ತದೆ. ತಡವಾದುದಕ್ಕೆ ಕಾರಣ ಹೇಳಿ ಆ ಗಡುವನ್ನು ಮನ್ನಿಸಿಕೊಳ್ಳುವ ದಾರಿಯನ್ನೂ ಸುಪ್ರೀಂ ಕೋರ್ಟು ಮುಚ್ಚಿದೆ. ಊರಿನ ಜಾತ್ರೆಗೆ ಹೋಗಿ ಇಪ್ಪತ್ತು ದಿನ ಬಿಟ್ಟು ಬಂದು ಗಲ್ಲೆಯ ಡ್ರಾಯರಿನಲ್ಲಿ ಆ ಕಾಗದ ಕಂಡರೆ ಏನು ಮಾಡುವುದು?

ಮೂರನೆಯ ವಿಷಯ ಸೀಲಿಂಗ್. 2006ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ದೆಹಲಿಯಲ್ಲಿ ಅಂಗಡಿಗಳಿಗೆ ಬೀಗ ಬಿದ್ದುದನ್ನು ಹಿರಿಯ ಸದಸ್ಯರು ಮರೆತಿರಲಾರರು. 2007ರ ಫೆಬ್ರವರಿಯಲ್ಲಿ ಮಾಸ್ಟರ್ ಪ್ಲಾನ್ 2021 ಬಂದು ಮಿಶ್ರ ಉಪಯೋಗದ ರಸ್ತೆಗಳಿಗೆ ದಾರಿಯಾಯಿತು. 2017ರ ಡಿಸೆಂಬರ್‌ನಲ್ಲಿ ಸೀಲಿಂಗ್ ಮತ್ತೆ ಶುರುವಾಯಿತು. ಜಾಗದ ಮಾಲೀಕರು ಕನ್ವರ್ಷನ್ ಚಾರ್ಜು ಕಟ್ಟಿಲ್ಲ ಎಂದರೆ ಬೀಗ ಬೀಳುವುದು ನಮ್ಮ ಹೋಟೆಲಿಗೆ. ಲಾ ಫರ್ಮ್‌ನವರು ಜಾಗದ ಪತ್ರ ಪರೀಕ್ಷೆ ಮಾಡುವಾಗ ಮಾಲೀಕತ್ವದ ಜೊತೆಗೆ ಇದನ್ನೂ ನೋಡುತ್ತಾರೆ: ರಸ್ತೆ ಯಾವ ಬಗೆಯದು, ಆ ಮಹಡಿಯಲ್ಲಿ ಹೋಟೆಲಿಗೆ ಅವಕಾಶ ಇದೆಯೇ, ಚಾರ್ಜು ಕಟ್ಟಿದ ರಸೀದಿ ಇದೆಯೇ. ಅಡ್ವಾನ್ಸ್ ಕೊಡುವ ಮುಂಚೆ ಈ ಪರೀಕ್ಷೆ ಮಾಡಿಸಿ. ಸೀಲು ಬಿದ್ದೇ ಬಿದ್ದರೆ ಎಂ.ಸಿ.ಡಿ. ಮೇಲ್ಮನವಿ ಟ್ರಿಬ್ಯೂನಲ್ಲಿಗೆ ಹೋಗುವ ದಾರಿ ಇದೆ.

ಉತ್ತರ ಪ್ರದೇಶದಲ್ಲಿ 2021ರ ಹೊಸ ಬಾಡಿಗೆ ಕಾಯ್ದೆಯ ಪ್ರಕಾರ ಲಿಖಿತ ಕರಾರು ಇಲ್ಲದೆ ಬಾಡಿಗೆಗೆ ಕೊಡುವಂತಿಲ್ಲ. ಹರಿಯಾಣದ್ದು 1973ರ ಬೇರೆ ಕಾಯ್ದೆ. ಬಾಯಿಮಾತಿನ ವ್ಯವಹಾರ ಎಲ್ಲಿಯೂ ಬೇಡ.

3. ಪಾಲುದಾರಿಕೆ: ಅಣ್ಣ ತಮ್ಮ, ಭಾವ ಭಾಮೈದ

ನಮ್ಮವರ ಹೋಟೆಲುಗಳು ಬೆಳೆದದ್ದೇ ಸಂಬಂಧಿಕರ ಪಾಲುದಾರಿಕೆಯಿಂದ. ಊರಿನಿಂದ ಭಾವ ಬಂದ, ಎರಡನೇ ಬ್ರಾಂಚ್ ನೋಡಿಕೊಂಡ, ಪಾಲು ಕೊಟ್ಟೆವು. ಪತ್ರ ಎಲ್ಲಿ ಎಂದರೆ ಇಲ್ಲ. ಇದ್ದರೆ ಸ್ಟಾಂಪ್ ಪೇಪರಿನ ಮೇಲೆ ಬರೆದದ್ದು, ನೋಂದಣಿ ಇಲ್ಲ.

1932ರ ಪಾಲುದಾರಿಕೆ ಕಾಯ್ದೆಯ 69ನೇ ಕಲಮು ಹೇಳುವುದು ಇಷ್ಟು: ರಿಜಿಸ್ಟ್ರಾರ್ ಆಫ್ ಫರ್ಮ್ಸ್‌ನಲ್ಲಿ ನೋಂದಣಿ ಆಗದ ಪಾಲುದಾರಿಕೆ ಸಂಸ್ಥೆ ತನ್ನ ಒಪ್ಪಂದದ ಹಣಕ್ಕಾಗಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ. ಹೊರಗಿನವರು ನಮ್ಮ ಮೇಲೆ ಹೂಡಬಹುದು. ಕಂಪನಿ ಕ್ಯಾಂಟೀನಿನ ಆರು ತಿಂಗಳ ಬಾಕಿ ನಿಂತಾಗ ಇದು ಗೊತ್ತಾದರೆ ಪ್ರಯೋಜನ ಇಲ್ಲ. ನೋಂದಣಿಗೆ ಆಗುವ ಖರ್ಚು ಒಂದು ಸಣ್ಣ ಮದುವೆ ಪಾರ್ಟಿಯ ಲಾಭಕ್ಕಿಂತ ಕಡಿಮೆ.

ಇನ್ನೂ ಎರಡು ಮಾತು. ಪತ್ರದಲ್ಲಿ ಬೇರೆ ಏನೂ ಬರೆಯದಿದ್ದರೆ ಒಬ್ಬ ಪಾಲುದಾರ ತೀರಿಕೊಂಡ ಕೂಡಲೇ ಸಂಸ್ಥೆ ವಿಸರ್ಜನೆಯಾಗುತ್ತದೆ. ಆದ್ದರಿಂದ ಉಳಿದವರು ಮುಂದುವರಿಸಬಹುದು, ತೀರಿಕೊಂಡವರ ಮನೆಯವರಿಗೆ ಲೆಕ್ಕ ಹೀಗೆ ಕೊಡಬೇಕು ಎಂದು ಪತ್ರದಲ್ಲಿಯೇ ಬರೆಸಿ. ಹಾಗೆಯೇ ಪಾಲು ಬಿಟ್ಟು ಹೋದವರು ಸಾರ್ವಜನಿಕ ಪ್ರಕಟಣೆ ಕೊಡದಿದ್ದರೆ, ಆಮೇಲೆ ಆದ ಸಾಲಕ್ಕೂ ಅವರನ್ನು ಹಿಡಿಯಬಹುದು. ಮುನಿಸಿಕೊಂಡು ಹೊರಟು ಬಂದರೆ ಸಾಲದು, ಕಾಗದದಲ್ಲಿಯೂ ಹೊರಗೆ ಬರಬೇಕು.

4. ಲೈಸೆನ್ಸು ಮತ್ತು ಆಹಾರದ ಸ್ಯಾಂಪಲ್

ಆಹಾರ ಸುರಕ್ಷೆಯ ಲೈಸೆನ್ಸು, ಪಾಲಿಕೆಯ ಆರೋಗ್ಯ ಲೈಸೆನ್ಸು, ಅಗ್ನಿಶಾಮಕ ದಳದ ಪ್ರಮಾಣ ಪತ್ರ ಇವುಗಳ ಓಡಾಟ ನಮಗೆಲ್ಲ ಗೊತ್ತಿದ್ದದ್ದೇ. ದೆಹಲಿಯಲ್ಲಿ ಈಟಿಂಗ್ ಹೌಸ್ ಲೈಸೆನ್ಸು ಪೊಲೀಸರ ಕೈಯಲ್ಲಿ ಇತ್ತು. 2025ರ ಜೂನ್‌ನಲ್ಲಿ ಲೆಫ್ಟಿನೆಂಟ್ ಗವರ್ನರ್ ಅವರ ಆದೇಶದಿಂದ ಅದನ್ನು ಪೊಲೀಸರಿಂದ ತೆಗೆದು ಸ್ಥಳೀಯ ಸಂಸ್ಥೆಗಳಿಗೆ ವಹಿಸಲಾಯಿತು. ಹಳೆಯ ಲೈಸೆನ್ಸಿನ ನವೀಕರಣ ಎಲ್ಲಿ, ಹೇಗೆ ಎಂದು ಏಜೆಂಟರ ಬಾಯಿಮಾತು ನಂಬದೆ ವಿಚಾರಿಸಿ. ಅಗ್ನಿಶಾಮಕ ಪತ್ರವನ್ನು ಬರೀ ಕಾಗದ ಎಂದು ತಿಳಿಯಬಾರದು. 2019ರ ಫೆಬ್ರವರಿ 12ರಂದು ಕರೋಲ್ ಬಾಗಿನ ಅರ್ಪಿತ್ ಪ್ಯಾಲೇಸ್ ಹೋಟೆಲಿಗೆ ಬೆಂಕಿ ಬಿದ್ದು 17 ಜನ ಸತ್ತರು. ಅಂಥ ಸಂದರ್ಭದಲ್ಲಿ ಕ್ರಿಮಿನಲ್ ಕೇಸು ನಿಲ್ಲುವುದು ಹೋಟೆಲು ನಡೆಸುವವರ ಮೇಲೆ.

ಆಹಾರದ ಸ್ಯಾಂಪಲ್ ತೆಗೆಯುವಾಗ ನಮಗೆ ಇರುವ ಹಕ್ಕು ಬಹಳ ಮಂದಿಗೆ ತಿಳಿದಿಲ್ಲ. 2006ರ ಆಹಾರ ಸುರಕ್ಷೆ ಕಾಯ್ದೆ 2011ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಅಧಿಕಾರಿ ಸ್ಯಾಂಪಲನ್ನು ನಾಲ್ಕು ಭಾಗ ಮಾಡಬೇಕು. ನಾವು ಕೇಳಿದರೆ ಅದರಲ್ಲಿ ಒಂದು ಭಾಗವನ್ನು ಮಾನ್ಯತೆ ಪಡೆದ ಬೇರೆ ಪ್ರಯೋಗಾಲಯಕ್ಕೆ, ನಮ್ಮ ಖರ್ಚಿನಲ್ಲಿ, ಕಳುಹಿಸಬೇಕು. ಆ ಹೊತ್ತಿನಲ್ಲಿಯೇ ಬರಹದಲ್ಲಿ ಕೇಳಬೇಕು. ಅಧಿಕಾರಿಯ ಜೊತೆ ಜಗಳ ಮಾಡಬೇಕಿಲ್ಲ, ಕಾಫಿ ಕೊಟ್ಟೇ ಕೇಳಬಹುದು.

ವಿಶ್ಲೇಷಕರ ವರದಿ ನಮಗೆ ವಿರುದ್ಧ ಬಂದರೆ, ವರದಿ ಕೈಗೆ ಬಂದ 30 ದಿನದೊಳಗೆ ನಿಯೋಜಿತ ಅಧಿಕಾರಿಗೆ ಅಪೀಲು ಹಾಕಬೇಕು. ಅವರು ಒಪ್ಪಿದರೆ ಸ್ಯಾಂಪಲ್ ರೆಫರಲ್ ಪ್ರಯೋಗಾಲಯಕ್ಕೆ ಹೋಗುತ್ತದೆ, ಅಲ್ಲಿನ ವರದಿಯೇ ಕೊನೆ. 30 ದಿನ ಸುಮ್ಮನಿದ್ದರೆ ಮೊದಲ ವರದಿಯೇ ನಿಲ್ಲುತ್ತದೆ. ಆಮೇಲೆ ಎ.ಡಿ.ಎಂ. ಎದುರು ಎಷ್ಟು ದೊಡ್ಡ ವಕೀಲರು ನಿಂತರೂ ಅವರ ಕೈ ಅರ್ಧ ಕಟ್ಟಿದಂತೆ. ಗುಣಮಟ್ಟ ಕಡಿಮೆ ಎಂದಾದರೆ ದಂಡ 5 ಲಕ್ಷದವರೆಗೆ, ಶುಚಿತ್ವ ಇಲ್ಲದ ತಯಾರಿಕೆಗೆ 1 ಲಕ್ಷದವರೆಗೆ ಇದೆ. ಅಸುರಕ್ಷಿತ ಆಹಾರ ಎಂದಾದರೆ ಜೈಲು ಶಿಕ್ಷೆಯೂ ಇದೆ.

5. ಕೆಲಸಗಾರರು

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹಳೆಯ 29 ಕಾಯ್ದೆಗಳು ಅದರಲ್ಲಿ ಸೇರಿವೆ. ಲೆಕ್ಕಪತ್ರದವರು ಸಂಬಳದ ಹಾಳೆ ಮಾಡಬಲ್ಲರು. ಆದರೆ ನೇಮಕಾತಿ ಪತ್ರ, ಹಾಜರಿ, ಕೆಲಸದಿಂದ ತೆಗೆಯುವ ಕ್ರಮ ಇವುಗಳನ್ನು ಕಾರ್ಮಿಕ ಕಾನೂನು ತಿಳಿದ ವಕೀಲರಿಂದ ಒಮ್ಮೆ ಮಾಡಿಸಿಕೊಳ್ಳುವುದು ಒಳ್ಳೆಯದು.

ನಮ್ಮ ಹೋಟೆಲುಗಳಲ್ಲಿ ಒಂದು ಹಳೆಯ ಪದ್ಧತಿ ಇದೆ. ಊರಿನ ಹುಡುಗರ ಸಂಬಳವನ್ನು ಧಣಿಗಳೇ ಇಟ್ಟುಕೊಂಡು, ಅವರು ಊರಿಗೆ ಹೊರಟಾಗ ಲೆಕ್ಕ ಚುಕ್ತಾ ಮಾಡುವುದು. ಹುಡುಗರ ದುಡ್ಡು ಉಳಿಯಲಿ ಎಂಬ ಪ್ರೀತಿಯಿಂದ ಮಾಡಿದ್ದು. ಕಾನೂನು ಇದನ್ನು ಒಪ್ಪುವುದಿಲ್ಲ. ತಿಂಗಳ ಸಂಬಳ ಮುಂದಿನ ತಿಂಗಳ ಏಳನೇ ದಿನದೊಳಗೆ ಸಂದಾಯವಾಗಬೇಕು. ಕೆಲಸ ಬಿಟ್ಟರೆ ಅಥವಾ ನಾವೇ ಬಿಡಿಸಿದರೆ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಕೊಡಬೇಕು. ಬ್ಯಾಂಕ್ ಖಾತೆಗೆ ಹಾಕಿ. ಅದೇ ನಮಗೆ ಸಾಕ್ಷಿ.

10 ಜನ ಇದ್ದರೆ ಇ.ಎಸ್.ಐ., 20 ಜನ ಇದ್ದರೆ ಪಿ.ಎಫ್. ಬರುತ್ತದೆ. ಐದು ವರ್ಷ ಸೇವೆ ಮಾಡಿದ ಖಾಯಂ ಕೆಲಸಗಾರರಿಗೆ ವರ್ಷಕ್ಕೆ 15 ದಿನದ ಸಂಬಳದಂತೆ ಗ್ರಾಚ್ಯುಟಿ ಕೊಡಬೇಕು; ಗೊತ್ತಾದ ಅವಧಿಗೆ ನೇಮಿಸಿದವರಿಗೆ ಹೊಸ ಸಂಹಿತೆಯಲ್ಲಿ ಒಂದು ವರ್ಷ ಆದರೆ ಸಾಕು. 10 ಅಥವಾ ಹೆಚ್ಚು ಜನ ಇರುವ ಕಡೆ ಮಹಿಳೆಯರ ದೂರು ಕೇಳುವ ಆಂತರಿಕ ಸಮಿತಿ 2013ರ ಕಾಯ್ದೆಯಂತೆ ಇರಲೇಬೇಕು.

ಮಕ್ಕಳ ವಿಷಯದಲ್ಲಿ ರಿಯಾಯಿತಿ ಇಲ್ಲ. ಹೋಟೆಲು, ಢಾಬಾಗಳಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವುದನ್ನು 2006ರ ಅಕ್ಟೋಬರ್ 10ರಿಂದಲೇ ನಿಷೇಧಿಸಲಾಗಿದೆ. 2016ರ ತಿದ್ದುಪಡಿಯ ನಂತರ 14 ವರ್ಷದ ಒಳಗಿನವರನ್ನು ಇಟ್ಟರೆ ಆರು ತಿಂಗಳಿಂದ ಎರಡು ವರ್ಷ ಜೈಲು ಅಥವಾ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ನೆಂಟರ ಹುಡುಗ ರಜೆಗೆ ಬಂದಿದ್ದಾನೆ ಎಂಬ ಮಾತನ್ನು ದಾಳಿಗೆ ಬಂದವರು ಸುಲಭಕ್ಕೆ ಕೇಳುವುದಿಲ್ಲ.

ಇನ್ನೊಂದು ಸಂಗತಿ ಕೆಲಸಗಾರರಿಗೆ ಹೇಳಿಕೊಡಿ. ಕೈಗಾರಿಕಾ ಕೆಲಸಗಾರರು, ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಕಡಿಮೆ ಆದಾಯದವರು ಇವರಿಗೆ 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಉಚಿತ ವಕೀಲರು ಸಿಗುತ್ತಾರೆ. ಫೋನ್ ನಂಬರ್ 15100. ಊರಿನಲ್ಲಿ ಜಮೀನಿನ ತಕರಾರು ಇಟ್ಟುಕೊಂಡು ಇಲ್ಲಿ ಕೊರಗುವ ಹುಡುಗರಿಗೆ ಇದು ದೊಡ್ಡ ಉಪಕಾರ.

6. ಹೆಸರು ಉಳಿಸಿಕೊಳ್ಳುವುದು

ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲಿನವರ ಕಥೆಯನ್ನು ನಮ್ಮ ಉದ್ಯಮದವರೆಲ್ಲ ತಿಳಿಯಬೇಕು. ಕರ್ನಾಟಕ ಹಾಲು ಮಹಾಮಂಡಳಿ 1985ರಿಂದ ನಂದಿನಿ ಹೆಸರಿನಲ್ಲಿ ಹಾಲು ಮಾರುತ್ತಿತ್ತು. ಈ ಹೋಟೆಲಿನವರು 1989ರಿಂದ ಅದೇ ಬಗೆಯ ಹೆಸರು ಉಪಯೋಗಿಸುತ್ತಿದ್ದರು. ಟ್ರೇಡ್ ಮಾರ್ಕ್ ನೋಂದಣಿಗೆ ಹೋದಾಗ ಮಹಾಮಂಡಳಿ ಆಕ್ಷೇಪಿಸಿತು. 2007ರಲ್ಲಿ ರಿಜಿಸ್ಟ್ರಾರ್ ಹೋಟೆಲಿನ ಪರ ಹೇಳಿದರು. 2011ರಲ್ಲಿ ಮೇಲ್ಮನವಿ ಮಂಡಳಿ, 2014ರಲ್ಲಿ ಕರ್ನಾಟಕ ಹೈಕೋರ್ಟು ವಿರುದ್ಧ ಹೇಳಿದವು. ಕೊನೆಗೆ 2018ರ ಜುಲೈ 26ರಂದು ನಮ್ಮ ಇದೇ ದೆಹಲಿಯ ಸುಪ್ರೀಂ ಕೋರ್ಟಿನಲ್ಲಿ ಹೋಟೆಲಿನವರು ಗೆದ್ದರು. ಹಾಲು, ಹಾಲಿನ ಪದಾರ್ಥಗಳನ್ನು ಮಾತ್ರ ನೋಂದಣಿಯಿಂದ ಹೊರಗೆ ಇಡಲಾಯಿತು. ಚಿಹ್ನೆ ಬೇರೆ, ವ್ಯಾಪಾರ ಬೇರೆ, ಇಷ್ಟು ವರ್ಷ ಇಬ್ಬರೂ ಜೊತೆಯಾಗಿ ನಡೆಸಿಕೊಂಡು ಬಂದಿದ್ದಾರೆ ಎಂಬುದು ಮುಖ್ಯವಾಗಿ ಅವರ ಕೈ ಹಿಡಿಯಿತು.

ಇದರಿಂದ ಕಲಿಯುವುದೇನು? ಹಳೆಯ ಬಿಲ್ಲು, ಮೆನು ಕಾರ್ಡು, ಬೋರ್ಡಿನ ಫೋಟೋ, ಜಾಹೀರಾತು ಇವನ್ನು ಎಸೆಯಬೇಡಿ. ಯಾವ ವರ್ಷದಿಂದ ಹೆಸರು ನಡೆಯುತ್ತಿದೆ ಎಂಬುದಕ್ಕೆ ಅವೇ ಸಾಕ್ಷಿ. ಹೋಟೆಲು ಸೇವೆಗೆ 43ನೇ ವರ್ಗ, ಮಸಾಲೆ ಪುಡಿ, ತಿಂಡಿ ಪ್ಯಾಕೆಟ್ ಮಾರುವುದಿದ್ದರೆ 30ನೇ ವರ್ಗ ಹೀಗೆ ಬೇರೆ ಬೇರೆ ಅರ್ಜಿ. ನೋಂದಣಿ 10 ವರ್ಷಕ್ಕೆ, ಮತ್ತೆ ನವೀಕರಿಸಬಹುದು. ಬೇರೆಯವರು ನಮ್ಮ ಹೆಸರಿಗೆ ಅರ್ಜಿ ಹಾಕಿ ಅದು ಟ್ರೇಡ್ ಮಾರ್ಕ್ ಪತ್ರಿಕೆಯಲ್ಲಿ ಪ್ರಕಟವಾದರೆ ನಾಲ್ಕು ತಿಂಗಳೊಳಗೆ ಆಕ್ಷೇಪಣೆ ಹಾಕಬೇಕು. ಉಡುಪಿ, ಮೈಸೂರು ಎಂಬ ಊರಿನ ಹೆಸರನ್ನಷ್ಟೇ ಒಬ್ಬರ ಸ್ವತ್ತಾಗಿ ಮಾಡಿಕೊಳ್ಳುವುದು ಕಷ್ಟ. ಅದರ ಜೊತೆಗೆ ನಮ್ಮದೇ ಆದ ಒಂದು ಹೆಸರು, ಒಂದು ಚಿಹ್ನೆ ಇರಬೇಕು.

7. ಬಾಕಿ ವಸೂಲಿ

ಕೇಟರಿಂಗ್‌ನವರ ನಿತ್ಯದ ಗೋಳು ಇದು. ಮದುವೆ ಮುಗಿದ ಮೇಲೆ ಎಲೆ ಲೆಕ್ಕದಲ್ಲಿ ತಕರಾರು. ಆದ್ದರಿಂದ ಒಂದು ಪುಟದ ಒಪ್ಪಂದದ ನಮೂನೆಯನ್ನು ವಕೀಲರಿಂದ ಒಮ್ಮೆ ಬರೆಸಿ ಇಟ್ಟುಕೊಳ್ಳಿ. ಎಷ್ಟು ಎಲೆ, ಹೆಚ್ಚಾದರೆ ದರ ಎಷ್ಟು, ಕಾರ್ಯಕ್ರಮ ರದ್ದಾದರೆ ಅಡ್ವಾನ್ಸು ಏನು, ಲೆಕ್ಕಕ್ಕೆ ಅವರ ಕಡೆಯಿಂದ ಯಾರು ಸಹಿ ಹಾಕಬೇಕು, ತಕರಾರು ಬಂದರೆ ಯಾವ ಊರಿನ ಕೋರ್ಟು ಎಂಬುದು ಅದರಲ್ಲಿ ಇರಲಿ.

ಚೆಕ್ ವಾಪಸು ಬಂದರೆ ಬ್ಯಾಂಕಿನ ಮೆಮೊ ಸಿಕ್ಕಿದ 30 ದಿನದೊಳಗೆ ನೋಟಿಸು ಕಳುಹಿಸಬೇಕು. ನೋಟಿಸು ಮುಟ್ಟಿದ ಮೇಲೆ ಅವರಿಗೆ 15 ದಿನ. ಆಗಲೂ ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು ದಾಖಲಿಸಬೇಕು. ಪಾರ್ಟಿಯವರು ಮುಂದಿನ ವಾರ, ಮುಂದಿನ ವಾರ ಎಂದು ಹೇಳುವುದು ಈ ದಿನಗಳನ್ನು ಕಳೆಯಲಿಕ್ಕೆ ಎಂದೇ ತಿಳಿಯಿರಿ.

ಚೆಕ್ ಇಲ್ಲದ ಬಾಕಿಗೆ ಮೂರು ವರ್ಷದ ಮಿತಿ. ಹೋಟೆಲಿನವರು ಕೊಟ್ಟ ಊಟ ತಿಂಡಿಯ ಹಣಕ್ಕೆ 1963ರ ಕಾಲಮಿತಿ ಕಾಯ್ದೆಯಲ್ಲಿ ಪ್ರತ್ಯೇಕ ಕಲಮೇ ಇದೆ: ಊಟ ಕೊಟ್ಟ ದಿನದಿಂದ ಮೂರು ವರ್ಷ. ಖಾತೆ ಬರೆದು ಐದಾರು ವರ್ಷ ಎಳೆದ ಬಾಕಿಗೆ ಪುಸ್ತಕದಲ್ಲಿ ಮಾತ್ರ ಬೆಲೆ.

ಕಂಪನಿ ಕ್ಯಾಂಟೀನ್ ನಡೆಸುವ ಸಣ್ಣ ಉದ್ಯಮದವರು ಉದ್ಯಮ್ ನೋಂದಣಿಯನ್ನು ಕೆಲಸ ಹಿಡಿಯುವ ಮುಂಚೆಯೇ ಮಾಡಿಸಿ. 2006ರ ಕಾಯ್ದೆಯಂತೆ 45 ದಿನಕ್ಕಿಂತ ಹೆಚ್ಚು ಬಾಕಿ ನಿಲ್ಲಿಸಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು, ಅದಕ್ಕೆ ಪ್ರತ್ಯೇಕ ಮಂಡಳಿಯೇ ಇದೆ.

8. ಗಿರಾಕಿಯ ದೂರು, ತೆರಿಗೆಯ ನೋಟಿಸು

ಗ್ರಾಹಕರ ಆಯೋಗದ ನೋಟಿಸು ಬಂದರೆ 30 ದಿನದಲ್ಲಿ ಉತ್ತರ ಹಾಕಬೇಕು. ಆಯೋಗ ಹೆಚ್ಚೆಂದರೆ ಇನ್ನು 15 ದಿನ ಕೊಡಬಹುದು. 45ರ ಮೇಲೆ ಒಂದು ದಿನವೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಸಾಂಬಾರಿನಲ್ಲಿ ಕೂದಲು ಎಂಬ ಸಣ್ಣ ದೂರು ಎಂದು ಬಿಟ್ಟರೆ ಅವರು ಕೇಳಿದ ಪರಿಹಾರಕ್ಕೆ ನಮ್ಮ ಎದುರುತ್ತರವೇ ಇರುವುದಿಲ್ಲ.

ಬಿಲ್ಲಿನಲ್ಲಿ ಸರ್ವೀಸ್ ಚಾರ್ಜು ತಾನಾಗಿಯೇ ಸೇರಿಸಬಾರದು ಎಂದು ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಹೇಳಿತ್ತು. ಹೋಟೆಲ್ ಸಂಘಟನೆಗಳು ಅದನ್ನು ಪ್ರಶ್ನಿಸಿದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ಹಳೆಯ ಬಿಲ್ಲಿಂಗ್ ಯಂತ್ರದಲ್ಲಿ ಆ ಸಾಲು ಇದ್ದರೆ ತೆಗೆಸಿ.

ಜಿ.ಎಸ್.ಟಿ. ಆದೇಶದ ಮೇಲೆ ಅಪೀಲಿಗೆ ಮೂರು ತಿಂಗಳು. ತಕರಾರಿನ ತೆರಿಗೆಯ ಶೇಕಡಾ 10 ಮುಂಗಡ ಕಟ್ಟಬೇಕು. ನೋಟಿಸುಗಳು ಈಗ ಪೋರ್ಟಲಿನಲ್ಲಿಯೇ ಬೀಳುತ್ತವೆ, ಅಂಚೆಯವನು ತರುವುದಿಲ್ಲ. ವಾರಕ್ಕೊಮ್ಮೆ ತೆರೆದು ನೋಡಲು ಲೆಕ್ಕದವರಿಗೆ ಹೇಳಿಡಿ.

9. ವಿಲ್ ಮತ್ತು ಮನೆಯ ಆಸ್ತಿ

ಐವತ್ತು ದಾಟಿದ ನಮ್ಮಂಥವರು ವಿಲ್ ಬರೆಸಲು ಹಿಂಜರಿಯುತ್ತೇವೆ, ಅಪಶಕುನ ಎಂದು. ವಿಲ್ ಬರೆದವರು ಬೇಗ ಹೋಗುವುದಿಲ್ಲ. ಬರೆಯದೆ ಹೋದವರ ಹೋಟೆಲಿಗೆ ಬೀಗ ಬೀಳುತ್ತದೆ. ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಪಾಲು ಪಡೆಯುವವರನ್ನು ಸಾಕ್ಷಿ ಹಾಕಬೇಡಿ.

ತುಳುನಾಡಿನ ಸದಸ್ಯರಿಗೆ ಒಂದು ವಿಶೇಷ ಸೂಚನೆ. ಅಳಿಯಸಂತಾನ ಕಟ್ಟಿನ ಕುಟುಂಬಗಳಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಬೇರೆ ಕಲಮುಗಳಿವೆ. ಹೆಂಗಸಿನ ಆಸ್ತಿಗೆ ವಾರಸುದಾರರ ಕ್ರಮ ಇತರರಂತೆ ಇಲ್ಲ. ದೆಹಲಿಯ ವಕೀಲರಿಗೆ ಇದು ಸಾಮಾನ್ಯವಾಗಿ ಎದುರಾಗುವ ವಿಷಯವಲ್ಲ. ನಾವಾಗಿಯೇ ಹೇಳಬೇಕು. ಊರಿನ ಆಸ್ತಿಗೆ ಊರಿನ ವಕೀಲರನ್ನೂ ಕೇಳಿಸುವುದು ಉತ್ತಮ.

10. ವಕೀಲರ ಜೊತೆ ವ್ಯವಹಾರ

ವಕೀಲರು ಜಾಹೀರಾತು ಕೊಡುವಂತಿಲ್ಲ ಎಂಬುದು ಬಾರ್ ಕೌನ್ಸಿಲ್ ನಿಯಮ. ಆದ್ದರಿಂದ ಬಾಯಿಂದ ಬಾಯಿಗೆ ವಿಚಾರಿಸಿಯೇ ಹೋಗಬೇಕು. ಗೆದ್ದರೆ ಇಷ್ಟು ಪಾಲು ಎಂಬ ಫೀಸೂ ನಿಯಮಕ್ಕೆ ವಿರುದ್ಧ. ಫೀಸು ಮೂರು ಬಗೆ: ಒಟ್ಟು ಕೆಲಸಕ್ಕೆ ಇಷ್ಟು, ಒಂದು ತಾರೀಕಿಗೆ ಇಷ್ಟು, ತಿಂಗಳಿಗೆ ಇಷ್ಟು. ಕೋರ್ಟು ಶುಲ್ಕ, ಮುನ್ಷಿಯ ಖರ್ಚು, ಟೈಪಿಂಗು ಅದರಲ್ಲಿ ಸೇರಿದೆಯೋ ಇಲ್ಲವೋ ಎಂದು ಮೊದಲೇ ಕೇಳಿ. ಎರಡು ಮೂರು ಹೋಟೆಲು ಇರುವವರಿಗೆ ತಿಂಗಳ ಲೆಕ್ಕ ಒಳ್ಳೆಯದು, ಫೋನಿನಲ್ಲಿ ಕೇಳಲು ಸಂಕೋಚ ಇರುವುದಿಲ್ಲ.

ವಕಾಲತ್ತಿಗೆ ಸಹಿ ಹಾಕುವ ಮುಂಚೆ ಓದಿಸಿಕೊಳ್ಳಿ. ರಾಜಿ ಮಾಡುವ ಅಧಿಕಾರವನ್ನೂ ಅದರಲ್ಲಿ ಬರೆದಿರುತ್ತಾರೆ. ಖಾಲಿ ಕಾಗದಕ್ಕೆ ಸಹಿ ಬೇಡ. ಮೂಲ ಪತ್ರ ಕೊಟ್ಟರೆ ರಸೀದಿ ಪಡೆಯಿರಿ. ಪ್ರತಿ ಕೇಸಿಗೂ 16 ಅಕ್ಷರ ಅಂಕಿಗಳ ಸಿ.ಎನ್.ಆರ್. ನಂಬರ್ ಇರುತ್ತದೆ, ಅದನ್ನು ಹಾಕಿ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮುಂದಿನ ತಾರೀಕು ನಾವೇ ನೋಡಬಹುದು. ವಕೀಲರ ಕೆಲಸ ಸರಿ ಇಲ್ಲ ಎಂದು ಗ್ರಾಹಕರ ಆಯೋಗಕ್ಕೆ ಹೋಗುವಂತಿಲ್ಲ ಎಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ದುರ್ನಡತೆಯ ದೂರು ಬಾರ್ ಕೌನ್ಸಿಲಿಗೆ ಕೊಡಬೇಕು. ಹಾಗಾಗಿ ಆರಿಸುವಾಗಲೇ ನೋಡಿ ಆರಿಸಬೇಕು.

ಗೋಡೆಗೆ ಅಂಟಿಸುವ ಪಟ್ಟಿ

ಈ ಪಟ್ಟಿಯನ್ನು ಕತ್ತರಿಸಿ ಗಲ್ಲೆಯ ಹಿಂದೆ ಅಂಟಿಸಿಕೊಳ್ಳಿ.

ಹಳೆಯ ಬಾಡಿಗೆ ಜಾಗ, ಸ್ವಂತ ಉಪಯೋಗದ ಕೇಸು: ಸಮನ್ಸ್‌ನಿಂದ 15 ದಿನ.
ಆಹಾರ ಸ್ಯಾಂಪಲ್ ವರದಿಯ ಅಪೀಲು: 30 ದಿನ.
ಗ್ರಾಹಕರ ಆಯೋಗಕ್ಕೆ ಉತ್ತರ: 30 ದಿನ, ಹೆಚ್ಚೆಂದರೆ 45.
ಚೆಕ್ ವಾಪಸು ನೋಟಿಸು: 30 ದಿನ.
ವಾಣಿಜ್ಯ ದಾವೆಗೆ ಉತ್ತರ: 30 ದಿನ, ಹೆಚ್ಚೆಂದರೆ 120.
ಜಿ.ಎಸ್.ಟಿ. ಅಪೀಲು: 3 ತಿಂಗಳು.
ಟ್ರೇಡ್ ಮಾರ್ಕ್ ಆಕ್ಷೇಪಣೆ: 4 ತಿಂಗಳು.
ಊಟ ತಿಂಡಿಯ ಬಾಕಿಗೆ ದಾವೆ: 3 ವರ್ಷ.

ಕೊನೆಯದಾಗಿ ಒಂದು ಕೆಲಸ ಇಂದೇ ಮಾಡಿ. ಸಹಿ ಕೇಳುವ ಅಂಚೆ ಬಂದಾಗ ಸಹಿ ಹಾಕುವುದು ಎಷ್ಟೋ ಸಲ ನಮ್ಮ ಸಪ್ಲೈಯರ್ ಅಥವಾ ಕ್ಲೀನರ್ ಹುಡುಗ. ಅವನು ಸಹಿ ಹಾಕಿದ ದಿನದಿಂದಲೇ ದಿನ ಎಣಿಕೆ ಶುರುವಾಯಿತು ಎಂದು ತಿಳಿದು ನಡೆದರೆ ಕ್ಷೇಮ. ಗಲ್ಲೆಯಲ್ಲಿ ಕೂರುವವರನ್ನು ಬಿಟ್ಟು ಬೇರೆಯವರು ಸಹಿ ಹಾಕಬಾರದು, ಕವರಿನ ಮೇಲೆ ಬಂದ ತಾರೀಕು ಬರೆಯಬೇಕು, ಅದೇ ದಿನ ಮಾಲೀಕರಿಗೆ ಫೋಟೋ ಕಳುಹಿಸಬೇಕು ಎಂದು ಕಟ್ಟಪ್ಪಣೆ ಮಾಡಿ. ಹಾಲಿನ ಪ್ಯಾಕೆಟ್ಟಿನ ಮೇಲಿನ ತಾರೀಕನ್ನು ದಿನಾ ನೋಡುವವರು ನಾವು. ಕಾಗದದ ಮೇಲಿನ ತಾರೀಕನ್ನೂ ಅಷ್ಟೇ ಜಾಗ್ರತೆಯಿಂದ ನೋಡಿದರೆ ಅರ್ಧ ಕಷ್ಟ ತಪ್ಪುತ್ತದೆ.